ಅಚ್ಚಾಗದೆ ಉಳಿದ ಪುಟಗಳು

ಗೋಪಿಕಾಬಾಯಿ ಲ್ಯಾಪ್‌ಟಾಪನ್ನು ಹಳೆಯ ಸೀರೆಯೊಂದರಲ್ಲಿ ಸುತ್ತಿ ತಂದಿದ್ದರು. ಅಕ್ಕಲಕೋಟೆಯಿಂದ ಸೊಲ್ಲಾಪುರದವರೆಗೆ ಎಸ್.ಟಿ. ಬಸ್ಸಿನಲ್ಲಿ ನಿಂತೇ ಬಂದಿದ್ದರೂ ಗಂಟನ್ನು ಕೆಳಗಿಟ್ಟಿರಲಿಲ್ಲ. ನವಿಪೇಟೆಯಲ್ಲಿ ಅಮೋಗಸಿದ್ಧನ ರಿಪೇರಿ ಅಂಗಡಿಯೆಂದರೆ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ತಲೆ ಬಗ್ಗಿಸದೆ ಒಳಗೆ ಬರುವಂತಿರಲಿಲ್ಲ. ಅವರು ಬಗ್ಗಿ ಬಂದು, ಗಂಟನ್ನು ಟೇಬಲ್ಲಿನ ಮೇಲಿಟ್ಟು, ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಪುಣೇದವರು ಇದು ಸತ್ತದ ಅಂತ ಹೇಳಿ ಕಳಿಸ್ಯಾರ, ಅಮೋಗಸಿದ್ಧ. ನೀವೊಮ್ಮೆ ನೋಡ್ರಿ."

ಅಮೋಗಸಿದ್ಧ ಸೀರೆ ಬಿಚ್ಚಿ ನೋಡಿದ. ಬೂದು ಬಣ್ಣದ, ಇಟ್ಟಿಗೆಯಷ್ಟು ದಪ್ಪದ, ಎರಡೂ ಕೈಯಲ್ಲಿ ಎತ್ತಬೇಕಾದ ಯಂತ್ರ. ಮುಂಬೈಯ ಕಚೇರಿಯೊಂದರಲ್ಲಿದ್ದ ಅವರ ಅಣ್ಣ ಅದನ್ನು ನಾಲ್ಕು ವರ್ಷದ ಹಿಂದೆ, ಕಚೇರಿಗೆ ಹೊಸದು ಬಂದಾಗ, ತಂಗಿಗೆ ಕೊಟ್ಟಿದ್ದ. ಆಗಲೇ ಅದು ಹಳೆಯದು. ಈಗ ತೊಂಬತ್ತೇಳನೆಯ ಇಸವಿಯ ಮೇ ತಿಂಗಳು. ಸೊಲ್ಲಾಪುರದಲ್ಲಿ ಇಂಥದ್ದನ್ನು ಬಿಚ್ಚಿ ನೋಡಿದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಅಮೋಗಸಿದ್ಧ ಆ ಬೆರಳುಗಳಲ್ಲಿ ಒಬ್ಬನಾಗಿರಲಿಲ್ಲ. ಅವನು ಟೀವಿ, ಟೇಪ್‌ರೆಕಾರ್ಡರು, ವಿಸಿಆರು ಮಾಡುತ್ತಿದ್ದವನು.

"ನಾ ಇಂಥದು ಹಿಂದ ಮಾಡಿಲ್ರಿ ಬಾಯಾರ," ಎಂದ.

"ಗೊತ್ತದ. ಆದ್ರ ನೀವು ಒಗದು ಬಿಡಂಗಿಲ್ಲ ಅನ್ನೂದೂ ಗೊತ್ತದ."

ಅವರಿಬ್ಬರ ಪರಿಚಯ ಅಂಗಡಿಯಲ್ಲಿ ಆದದ್ದಲ್ಲ. ಗೋಪಿಕಾಬಾಯಿ ಸೊಲ್ಲಾಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ವಳಸಂಗದ ಆಚೆ, ಅಕ್ಕಲಕೋಟೆ ತಾಲೂಕಿನ ಗಡಿಗೆ ಹತ್ತಿಕೊಂಡು ನಾನೂರು ಎಕರೆ ಗಾಯರಾಣವಿತ್ತು. ಊರೊಟ್ಟಿನ ಮೇವಿನ ಮಾಳ. ತೊಂಬತ್ಮೂರರಿಂದ ಅವರು ವಾರ ಬಿಟ್ಟು ವಾರ ಆ ಮಾಳಕ್ಕೆ ಬರುತ್ತಿದ್ದರು. ಕಬ್ಬಿಣದ ಸಲಾಕೆಯ ಒಂದು ಚೌಕವನ್ನು ನೆಲದ ಮೇಲಿಟ್ಟು, ಅದರೊಳಗೆ ಎಷ್ಟು ಹುಲ್ಲು, ಯಾವ ಹುಲ್ಲು ಎಂದು ಕುಕ್ಕರಗಾಲಲ್ಲಿ ಕೂತು ಎಣಿಸಿ ಬರೆದುಕೊಳ್ಳುತ್ತಿದ್ದರು. ಕುರಿಗಾರರ ಹೆಂಗಸರು ಮೊದಮೊದಲು ನಕ್ಕರು. ಆಮೇಲೆ ಅಮೋಗಸಿದ್ಧನ ತಾಯಿ ಬೀರವ್ವ ಅವರ ಪಕ್ಕದಲ್ಲೇ ಕೂತು, ಇದು ಕರಡ, ಇದು ಗರಿಕಿ, ಇದು ಹಂಚಿ, ಇದನ್ನ ಕುರಿ ಮೂಸೂದಿಲ್ಲ ಎಂದು ಒಂದೊಂದನ್ನೇ ಹೇಳಿಕೊಟ್ಟಳು. ಯಾರ ಹಿಂಡು ಎಷ್ಟು ದೊಡ್ಡದು, ಯಾವ ತಿಂಗಳು ಎಲ್ಲಿ ಮೇಯುತ್ತದೆ ಎಂಬುದನ್ನೂ ಅವಳೇ ಎಣಿಸಿ ಕೊಟ್ಟಳು. ಕುರಿ ಎಣಿಸಿ ಹೊರಗಿನವರಿಗೆ ಹೇಳುವುದು ಅವರಲ್ಲಿ ಒಳ್ಳೆಯದಲ್ಲ. ಮಂದಿ ಬೇಡವೆಂದರೂ ಅವಳು ಹೇಳಿದಳು. ಗೋಪಿಕಾಬಾಯಿ ಅವಳ ಹಟ್ಟಿಯಲ್ಲಿ ಕೂತು ರೊಟ್ಟಿ, ಖಾರಬ್ಯಾಳಿ ಉಂಡು ಹೋಗುತ್ತಿದ್ದರು. ಅವರಂಥ ಮನೆತನದ ಹೆಂಗಸು ತನ್ನ ಕೈಯಡಿಗೆ ಉಂಡದ್ದನ್ನು ಬೀರವ್ವ ಹತ್ತು ಮಂದಿಗೆ ಹೇಳಿದ್ದಳು.

ಈಗ ಆ ಗಾಯರಾಣಕ್ಕೆ ಬೇಲಿ ಹಾಕುವ ಮಾತು ಬಂದಿತ್ತು. ಹುಲ್ಲು ನಾಶವಾಗುತ್ತಿದೆ, ಮಾಳವನ್ನು ಮುಚ್ಚಿ ಕಾಯಬೇಕು ಎಂದು ಒಂದು ಕಮಿಟಿ ಕೂತಿತ್ತು. ಮೇ ಇಪ್ಪತ್ತಾರಕ್ಕೆ ಅಕ್ಕಲಕೋಟೆಯಲ್ಲಿ ಸುನಾವಣಿ. ಎರಡೂ ಕಡೆಯವರು ತಮ್ಮ ಮಾತು ಹೇಳಬೇಕು. ಆ ಮಾಳವನ್ನು ಅಳೆದು ನೋಡಿದವರು ಜಿಲ್ಲೆಯಲ್ಲೆಲ್ಲ ಗೋಪಿಕಾಬಾಯಿ ಒಬ್ಬರೇ. ಹಾಗಾಗಿ ಅವರ ವರದಿಯನ್ನು ಸುನಾವಣಿಗೆ ತರಲು ಕಮಿಟಿ ಕಾಗದ ಬರೆದಿತ್ತು. ವರದಿ ಈ ಲ್ಯಾಪ್‌ಟಾಪಿನಲ್ಲಿತ್ತು. ಫ್ಲಾಪಿ ಹಾಕುವ ಬಾಯಿ ಎರಡು ವರ್ಷದ ಹಿಂದೆಯೇ ಕೆಟ್ಟಿದ್ದರಿಂದ ಬೇರೆಲ್ಲೂ ನಕಲು ಇರಲಿಲ್ಲ.

"ನೋಟಬುಕ್ಕು ಅವ," ಎಂದರು ಅವರು. "ಆದ್ರ ನಾಲ್ಕು ವರ್ಷದ್ದು ಮತ್ತ ಕೂಡಿಸಿ ಕಳದು ಬರೀಬೇಕಂದ್ರ ದೀಪಾವಳಿ ಆಗ್ತದ."

ಸುನಾವಣಿಗೆ ಹನ್ನೆರಡು ದಿನ ಉಳಿದಿತ್ತು.

ಮೊದಲ ದಿನ ಅಮೋಗಸಿದ್ಧ ಯಂತ್ರವನ್ನು ಬಿಚ್ಚಲಿಲ್ಲ. ಕೆಟ್ಟ ವಸ್ತುವಿನ ಅರ್ಧ ಕತೆ ಅದರ ಮಾಲಕರ ಬಾಯಲ್ಲೇ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು. ಕೂರಿಸಿಕೊಂಡು ಕೇಳಿದ. ಕಳೆದ ವರ್ಷದಿಂದ ವಾಯರನ್ನು ಎಡಗಡೆಗೆ ಒತ್ತಿ ಹಿಡಿದರೆ ಮಾತ್ರ ಚಾಲೂ ಆಗುತ್ತಿತ್ತಂತೆ. ಏಪ್ರಿಲ್ಲಿನಲ್ಲಿ ಒಂದು ದಿನ ಕರೆಂಟು ಹೋಗಿ ಬಂತು. ಅಂದಿನಿಂದ ಹಸಿರು ದೀಪ ಒಮ್ಮೆ ಮಿಣಕೆಂದು ಆರಿಹೋಗುತ್ತದೆ. ಬೇರೆ ಏನೂ ಇಲ್ಲ.

ಗೋಡೆಗೆ ಹಾಕುವ ಅಡಾಪ್ಟರಿಗೆ ಮೀಟರು ಹಚ್ಚಿದ. ಹದಿನೆಂಟು ವೋಲ್ಟು ತೋರಿಸಿತು. ಅಷ್ಟಕ್ಕೆ ಅವನು ನಂಬಲಿಲ್ಲ. ಬರಿಗೈಯಲ್ಲಿ ನೆಟ್ಟಗೆ ನಿಲ್ಲುವವನು ಚೀಲ ಹೊರಿಸಿದರೆ ಕುಸಿಯಬಹುದು. ಸ್ಕೂಟರಿನ ಎರಡು ಬಲ್ಬುಗಳನ್ನು ಸಾಲಾಗಿ ಜೋಡಿಸಿ ಅದಕ್ಕೆ ಕಟ್ಟಿದ. ಹತ್ತು ನಿಮಿಷ ಬಲ್ಬು ಅಲುಗದೆ ಉರಿಯಿತು. ಅಡಾಪ್ಟರು ಚೆನ್ನಾಗಿತ್ತು. ರೋಗ ಒಳಗಿತ್ತು.

ಮರುದಿನ ಬಿಚ್ಚಿದ. ಇಪ್ಪತ್ಮೂರು ಸ್ಕ್ರೂ, ಮೂರು ಅಳತೆಯವು. ರಟ್ಟಿನ ಮೇಲೆ ಯಂತ್ರದ ಆಕಾರ ಬರೆದು, ಎಲ್ಲಿಂದ ತೆಗೆದನೋ ಅಲ್ಲೇ ಒಂದೊಂದನ್ನೂ ಚುಚ್ಚಿಟ್ಟ. ವಾಯರು ಚುಚ್ಚುವ ಸಾಕೆಟ್ಟಿನ ಕಾಲುಗಳನ್ನು ಭೂತಗನ್ನಡಿಯಲ್ಲಿ ನೋಡಿದಾಗ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು ಕಂಡಿತು. ಎಡಕ್ಕೆ ಒತ್ತಿದರೆ ಚಾಲೂ ಆಗುತ್ತಿದ್ದುದು ಇದಕ್ಕೇ. ಹಳೆಯ ಬೆಸುಗೆ ಹೀರಿ ತೆಗೆದು ಹೊಸದು ಹಾಕಿದ. ಗುಂಡಿ ಒತ್ತಿದ. ಹಸಿರು ದೀಪ ಎರಡು ಸೆಕೆಂಡು ನಿಂತು ಆರಿತು.

ಬಹುಶಃ ಪುಣೆಯವರು ಇಲ್ಲಿಯವರೆಗೂ ಬಂದಿರಲಿಲ್ಲ. ಅವನಿಗೆ ಸ್ವಲ್ಪ ಹೆಮ್ಮೆಯಾಯಿತು.

ಇನ್ನೂ ಒಳಗೆ ಹೋದ. ಯಂತ್ರ ಆರಿದ್ದಾಗಲೂ ಗಡಿಯಾರ ನಡೆಸಲೆಂದು ಮೂಲೆಯಲ್ಲಿಟ್ಟಿದ್ದ ಸಣ್ಣ ಬ್ಯಾಟರಿ ಸೋರಿ, ಸುತ್ತಲಿನ ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು ಹಬ್ಬಿತ್ತು. ಅಲ್ಲಲ್ಲಿ ಗೆರೆಗಳೇ ತಿಂದುಹೋಗಿದ್ದವು. ನಿಂಬೆರಸ ಹಚ್ಚಿ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ, ಸ್ಪಿರಿಟ್ಟಿನಲ್ಲಿ ತೊಳೆದು ಬಿಸಿಲಿಗಿಟ್ಟ. ಆಮೇಲೆ ವಾಯರಿನ ಒಂದೊಂದೇ ಎಳೆ ಬಿಡಿಸಿ, ಕಡಿದ ಗೆರೆಗಳಿಗೆ ಸೇತುವೆ ಕಟ್ಟಿದ. ಒಟ್ಟು ಏಳು. ಅದಕ್ಕೆ ಮೂರು ದಿನ ಹಿಡಿಯಿತು. ಉಸಿರು ಬಿಗಿಹಿಡಿದು ಮಾಡಬೇಕಾದ ಕೆಲಸ. ಗಿರಾಕಿ ಬಂದು ಕರೆದರೂ ತಲೆ ಎತ್ತುತ್ತಿರಲಿಲ್ಲ. ಎರಡು ಟೀವಿ ಬೇರೆ ಅಂಗಡಿಗೆ ಹೋದವು.

ಆ ವಾರ ಬೆಳಿಗ್ಗೆ ವಳಸಂಗದಿಂದ ಬಸ್ಸು ಹಿಡಿಯುವ ಮೊದಲು ಅವನು ದಿನಾ ಹಟ್ಟಿಯ ಕಡೆ ಹೋಗಿ ಬರುತ್ತಿದ್ದ. ಅಣ್ಣ ಹಣಮಂತಪ್ಪ ಕುರಿ ಬಿಡುವ ಹೊತ್ತು ಅದು.

"ಆತೇನೋ?" ಎಂದು ಅಣ್ಣ ಕೇಳುತ್ತಿದ್ದ.

"ಆಗತೈತಿ. ಇನ್ನ ಒಂದು ತೊಡಕು ಉಳದೈತಿ."

"ಆ ಬಾಯಾರು ಬರದದ್ದು ಹೊರಗ ಬಂತಂದ್ರ ನಮ್ಮ ಮಾಳ ಉಳೀತು. ನಾವು ಬಾಯಿಲೆ ಹೇಳಿದ್ರ ಯಾರು ಕೇಳತಾರ? ಕಾಗದದ ಮ್ಯಾಲ ಬೇಕು ಅವರಿಗೆ."

ಬೀರವ್ವ ಮರಿಗಳನ್ನು ಬೇರೆ ಮಾಡುತ್ತ, "ಆಕಿ ನಮ್ಮ ಉಪ್ಪು ಉಂಡಾಳ," ಎಂದಳು. "ನಮ್ಮ ದೇವರು ಬೀರಪ್ಪ ಆಕಿ ಕೈಯಾಗ ಬರಸ್ಯಾನ. ನೀ ಲಗೂನ ಮಾಡಿ ಕೊಡಪಾ."

ಗೆರೆಗಳೆಲ್ಲ ಕೂಡಿದ ಮೇಲೂ ದೀಪ ಎರಡೇ ಸೆಕೆಂಡಿಗೆ ಆರುತ್ತಿತ್ತು. ಅಮೋಗಸಿದ್ಧ ಒಂದು ಇಡೀ ಮಧ್ಯಾಹ್ನ ಅದನ್ನೇ ನೋಡುತ್ತ ಕೂತ. ದೀಪ ಹತ್ತುತ್ತದೆ ಅಂದರೆ ಕರೆಂಟು ಒಳಗೆ ಹೋಗುತ್ತಿದೆ. ಆರುತ್ತದೆ ಅಂದರೆ ಒಳಗೆ ಯಾವುದೋ ಅದನ್ನು ಅಳತೆ ಮೀರಿ ನುಂಗುತ್ತಿದೆ. ಹಾನಿಯಾಗಬಾರದೆಂದು ಯಂತ್ರ ತಾನೇ ಬಾಗಿಲು ಹಾಕಿಕೊಳ್ಳುತ್ತಿದೆ. ಹಾಗಿದ್ದರೆ ಆ ನುಂಗುವ ವಸ್ತು ಬಿಸಿಯಾಗಲೇಬೇಕು. ಒಂದು ಬಲ್ಬಿನ ಮೂಲಕ ಸ್ವಲ್ಪವೇ ಕರೆಂಟು ಬಿಟ್ಟು, ಬೋರ್ಡಿನ ಮೇಲಿನ ಒಂದೊಂದು ಬಿಡಿಭಾಗವನ್ನೂ ಕಿರುಬೆರಳಿನಿಂದ ಮುಟ್ಟುತ್ತ ಹೋದ. ಜೋಳದ ಕಾಳಿನಷ್ಟಿದ್ದ ಹಳದಿ ಕೆಪಾಸಿಟರ್ ಒಂದು ಚುರ್ರೆಂದಿತು. ಬೆರಳ ತುದಿಯಲ್ಲಿ ಬೊಬ್ಬೆ ಬಂತು. ಅವನಿಗೆ ನಗು ಬಂತು. ಅದನ್ನು ಕಿತ್ತು, ಹಳೆಯ ವಿಸಿಆರಿನ ಬೋರ್ಡಿನಲ್ಲಿದ್ದ ಅಂಥದ್ದೇ ಒಂದನ್ನು ತೆಗೆದು ಕೂರಿಸಿದ.

ಗುಂಡಿ ಒತ್ತಿದಾಗ ದೀಪ ಹತ್ತಿತು, ನಿಂತಿತು. ಒಳಗೆ ಏನೋ ಗುಂಯ್ ಎಂದು ತಿರುಗಲು ಶುರುವಾಯಿತು. ಬೂದು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಸಾಲಾಗಿ ಇಳಿದವು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅಮೋಗಸಿದ್ಧ ಹೊರಗೆ ಹೋಗಿ ಟೆಲಿಫೋನ್ ಬೂತಿನಿಂದ ಕಾಲೇಜಿಗೆ ಫೋನು ಮಾಡಿಸಿದ.

ಸುನಾವಣಿಗೆ ಇನ್ನೂ ಐದು ದಿನವಿತ್ತು.

ಗೋಪಿಕಾಬಾಯಿ ಮಧ್ಯಾಹ್ನದ ಪರೀಕ್ಷೆಯ ಕೆಲಸ ಬಿಟ್ಟು ಬಂದರು. ಪಕ್ಕದ ಟೈಪಿಂಗ್ ಕ್ಲಾಸಿನವರ ಪ್ರಿಂಟರನ್ನು ಅವನು ಕೇಳಿ ತಂದಿಟ್ಟಿದ್ದ. ಬೋರ್ಡಿನ ಮೇಲಿನ ಎಳೆಗಳು ಇನ್ನೂ ಹೊದಿಕೆಯಿಲ್ಲದೆ ಬರಿದಾಗಿಯೇ ಇದ್ದುದರಿಂದ ಯಂತ್ರದ ಮುಚ್ಚಳ ಹಾಕಿರಲಿಲ್ಲ. "ಅದನ್ನ ಅಲುಗಾಡಿಸಬ್ಯಾಡ್ರಿ. ಮೊದಲು ಬೇಕಾದ್ದೆಲ್ಲ ಕಾಗದದ ಮ್ಯಾಲ ತಕ್ಕೋರಿ, ಆಮ್ಯಾಲ ನಾ ಪಕ್ಕಾ ಮಾಡತೀನಿ," ಎಂದ. ಅವರು ಹೂಂ ಎಂದು, ನಿಂತುಕೊಂಡೇ ಗುಂಡಿಗಳನ್ನು ಒತ್ತಿ ಅಚ್ಚು ಶುರು ಮಾಡಿದರು. ಪ್ರಿಂಟರು ಕರಕರ ಎಂದು ಉದ್ದನೆಯ ಕಾಗದವನ್ನು ಹೊರಗೆ ತಳ್ಳತೊಡಗಿತು. ಅಮೋಗಸಿದ್ಧ ಅದು ನೆಲಕ್ಕೆ ಬೀಳದಂತೆ ಮಡಚಿ ಮಡಚಿ ಹಿಡಿದ.

ವರದಿ ಇಂಗ್ಲಿಷಿನಲ್ಲಿತ್ತು. ಅವನಿಗೆ ಅಷ್ಟು ಓದಲು ಬರುತ್ತಿರಲಿಲ್ಲ, ಆದರೆ ಹೆಸರು ಮತ್ತು ಅಂಕಿ ಓದಬಲ್ಲ. ಹನ್ನೆರಡನೆಯ ಪುಟದಲ್ಲಿ ಒಂದು ಪಟ್ಟಿ ಬಂತು. ಮೊದಲನೆಯ ಹೆಸರೇ ಬೀರವ್ವ. ಅದರ ಮುಂದೆ ನೂರಾ ನಲವತ್ತೆರಡು. ಅವ್ವನ ಹೆಸರನ್ನು ಅಚ್ಚಿನಲ್ಲಿ ಅವನು ರೇಶನ್ ಕಾರ್ಡಿನಲ್ಲೂ ಕಂಡಿರಲಿಲ್ಲ. ಅಲ್ಲಿ ಕೈಬರಹವಿತ್ತು.

"ಅವ್ವಗ ತೋರಸ್ತೀನ್ರಿ ಇದನ್ನ," ಎಂದ.

ಗೋಪಿಕಾಬಾಯಿ ಕಾಗದದ ಕಡೆ ನೋಡದೆ ಪರದೆಯ ಕಡೆ ತಿರುಗಿದರು.

ಕೆಲವು ಪುಟಗಳಾದ ಮೇಲೆ ಒಂದು ಗೆರೆಚಿತ್ರ ಬಂತು. ನಾಲ್ಕು ವರ್ಷ, ಎಡದಿಂದ ಬಲಕ್ಕೆ. ಗೆರೆ ಮೇಲಿಂದ ಕೆಳಗೆ ಇಳಿದಿತ್ತು. ಅದನ್ನು ಓದಲು ಇಂಗ್ಲಿಷು ಬೇಕಾಗಿರಲಿಲ್ಲ.

"ಇದೇನ್ರಿ ಇಳದದ್ದು?"

"ಹುಲ್ಲು."

"ಮಾಳದ ಹುಲ್ಲು?"

"ಹೂಂ. ನಾಲ್ಕು ವರ್ಷದಾಗ ಅರ್ಧಕ್ಕ ಬಂದದ."

ಅವನು ಕಾಗದ ಮಡಚುವುದನ್ನು ನಿಲ್ಲಿಸಿದ. ಕಾಗದ ಅವನ ಕಾಲ ಮೇಲೆ ಸುರುಳಿಯಾಗಿ ಬೀಳತೊಡಗಿತು. "ಬಾಯಾರ, ಒಂದು ಮಾತು ಕೇಳತೀನ್ರಿ. ಇದನ್ನ ಓದಿದ್ರ ನಮ್ಮ ಮಾಳ ನಮಗ ಉಳೀತೈತೇನ್ರಿ?"

ಗೋಪಿಕಾಬಾಯಿ ಸುಳ್ಳು ಹೇಳುವವರಲ್ಲ. ಹೇಳಿದ್ದರೆ ಆ ಮಧ್ಯಾಹ್ನ ಬೇರೆಯಾಗುತ್ತಿತ್ತು.

"ಇಷ್ಟನ್ನೇ ಓದಿದ್ರ ಉಳಿಯಂಗಿಲ್ಲ," ಎಂದರು. "ಕುರಿ ಹೆಚ್ಚಾಗ್ಯಾವ, ಹುಲ್ಲು ಕಡಿಮಿ ಆಗೇದ. ಅದು ಖರೇ ಅದ. ಆದ್ರ ಇನ್ನೊಂದು..."

"ಎಣಿಸಿ ಕೊಟ್ಟಾವ್ರು ನಾವ. ಯಾವ ಹುಲ್ಲು ಅಂತ ಹೇಳಿಕೊಟ್ಟಾಕಿ ನಮ್ಮವ್ವ. ಮಂದಿ ಬ್ಯಾಡಂದ್ರೂ ಹೇಳಿದ್ಲು."

"ನನ್ನ ಮಾತು ಪೂರಾ ಕೇಳ್ರಿ, ಅಮೋಗಸಿದ್ಧ. ಇನ್ನೊಂದು ಭಾಗ ಬ್ಯಾರೆ ಫೈಲಿನ್ಯಾಗ ಅದ, ಅದನ್ನ ಈಗ ತಗೀತೀನಿ." ಅವರು ಬಗ್ಗಿ ಗುಂಡಿಗಳನ್ನು ಒತ್ತಲು ಹೋದರು.

ಅವನಿಗೆ ಆ ಮಾತು ಕೇಳಿಸಿತು. ಕೇಳಿಸಲಿಲ್ಲ ಎಂದು ಆಮೇಲೆ ತನಗೆ ತಾನೇ ಹೇಳಿಕೊಳ್ಳಲು ಎಷ್ಟೋ ಸಲ ನೋಡಿದ, ಆಗಲಿಲ್ಲ. ಕೇಳಿಸಿತ್ತು. ಇನ್ನೊಂದು ಭಾಗದಲ್ಲಿ ಇನ್ನೇನು ಎಣಿಸಿದ್ದಾರೋ ಎಂದಷ್ಟೇ ಅವನು ಯೋಚಿಸಿದ. ಎಂಟು ದಿನ ಉಸಿರು ಹಿಡಿದು ಕಟ್ಟಿದ್ದು ಇದಕ್ಕಾಗಿಯೇ ಎಂದುಕೊಂಡ. ಕೈ ಚಾಚಿ ಲ್ಯಾಪ್‌ಟಾಪಿನ ಹಿಂದಿದ್ದ ವಾಯರನ್ನು ಹಿಡಿದು ಜಗ್ಗಿದ.

ಮೆಲ್ಲಗೆ ಎಳೆದಿದ್ದರೆ ವಾಯರು ಮಾತ್ರ ಬರುತ್ತಿತ್ತು. ಅವನು ಬದಿಗೆ ಜಗ್ಗಿದ. ತಾನೇ ಬೆಸೆದಿದ್ದ ಸಾಕೆಟ್ಟು ಬೇರುಸಹಿತ ಎದ್ದು, ಪಕ್ಕದ ಎರಡು ಎಳೆಗಳನ್ನು ಎಳೆದುಕೊಂಡು ಬೋರ್ಡಿನ ಮೇಲೆ ಅಡ್ಡ ಬಿತ್ತು. ಚಟ್ ಎಂದು ಒಂದು ಕಿಡಿ ಹಾರಿತು. ಸುಟ್ಟ ವಾಸನೆ ಬಂತು. ಗುಂಯ್ ಎನ್ನುತ್ತಿದ್ದದ್ದು ನಿಂತಿತು.

ಪ್ರಿಂಟರು ತನ್ನಲ್ಲಿದ್ದ ಒಂದೂವರೆ ಸಾಲನ್ನು ಮುಗಿಸಿ ಸುಮ್ಮನಾಯಿತು.

ಗೋಪಿಕಾಬಾಯಿ ಬಗ್ಗಿ ಬೋರ್ಡನ್ನು ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತು, ತರಗತಿಯಲ್ಲಿ ಹೇಳುವಷ್ಟೇ ಸಮಾಧಾನದಿಂದ ಹೇಳಿದರು. "ಮಳಿ ಬಿದ್ದ ಮ್ಯಾಲ ಎರಡೂವರೆ ತಿಂಗಳು ಹುಲ್ಲು ಬೀಜ ಕಟ್ಟೋತನಕ ಕುರಿ ಬಿಡಬಾರದು. ಉಳಿದ ಒಂಬತ್ತೂವರೆ ತಿಂಗಳು ಬಿಡಬೇಕು. ಪೂರಾ ಮುಚ್ಚಿದ್ರ ಹುಲ್ಲು ಒಣಗಿ ಕೊಳೀತದ, ಅದೂ ಕೆಡತದ. ಕುರಿ ಬೇಕು ಆ ಮಾಳಕ್ಕ. ತಿಂಗಳುವಾರು ಲೆಕ್ಕ ಹಾಕಿ ತೋರಿಸಿದ್ದೆ. ಆರನೇ ಭಾಗ ಅದ. ಅದೇ ಮುಖ್ಯ ಇತ್ತು."

ಅವನು ಕಾಲ ಮೇಲೆ ಬಿದ್ದಿದ್ದ ಕಾಗದವನ್ನು ಎತ್ತಿಕೊಂಡ.

"ನಿಮ್ಮವ್ವನ ಮಾತೇ ಅದು," ಎಂದರು. "ಮೊದಲನೇ ವರ್ಷ ಆಕಿನೇ ನನಗ ಹೇಳಿದ್ದು. ನಾ ಬರೇ ಅಳದು ನೋಡಿದೆ."

ಆಮೇಲಿನ ನಾಲ್ಕು ದಿನ ಅಮೋಗಸಿದ್ಧ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಕೆಲಸ ಮಾಡಿದ. ಈ ಸಲ ದೋಷ ಎಲ್ಲಿದೆ ಎಂದು ಹುಡುಕಬೇಕಾಗಿರಲಿಲ್ಲ. ಹದಿನೆಂಟು ವೋಲ್ಟು ಐದು ವೋಲ್ಟಿನ ದಾರಿಗೆ ನುಗ್ಗಿತ್ತು. ಮಾಹಿತಿ ಇಡುವ ಡಿಸ್ಕಿನ ಹಿಂಬದಿಯ ಚಿಪ್‌ನಲ್ಲಿ ಸಾಸಿವೆಯಷ್ಟು ತೂತು ಬಿದ್ದಿತ್ತು. ಅಂಥ ಚಿಪ್ ಸೊಲ್ಲಾಪುರದಲ್ಲಿ ಇರಲಿಲ್ಲ. ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರು ನೋಡಿಕೊಳ್ಳುತ್ತಿದ್ದ ಪರಿಚಯದವನ ಬಳಿಗೆ ಡಿಸ್ಕು ತೆಗೆದುಕೊಂಡು ಹೋದ. ಆ ಮನುಷ್ಯ ಅದನ್ನು ಬೆಳಕಿಗೆ ಹಿಡಿದು ನೋಡಿ, "ಯಾರಪ್ಪಾ ಹಿಂಗ ಮಾಡಿದವ್ರು?" ಎಂದ. ಅಮೋಗಸಿದ್ಧ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಬಂದ.

ಹಟ್ಟಿಯಲ್ಲಿ ಅಣ್ಣ ಕೇಳಿದಾಗ, "ಅರ್ಧ ಹೊರಗ ಬಂತು, ಮತ್ತ ಕೆಟ್ಟಿತು," ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಸುನಾವಣಿಯ ದಿನ ಅಕ್ಕಲಕೋಟೆಯ ಕಚೇರಿಯ ಅಂಗಳದಲ್ಲಿ ನಲವತ್ತು ಮಂದಿ ಕುರಿಗಾರರು ಬೇವಿನ ಮರದ ಕೆಳಗೆ ಕೂತಿದ್ದರು. ಬೀರವ್ವ ಹಣೆಗೆ ಭಂಡಾರ ಹಚ್ಚಿಕೊಂಡು, ಮಗಳ ಮದುವೆಗೆ ಉಟ್ಟಿದ್ದ ಸೀರೆ ಉಟ್ಟು ಬಂದಿದ್ದಳು. ಒಳಗೆ ಕರೆದಾಗ ಮುಂದಿನ ಸಾಲಿನಲ್ಲಿ ಅವಳೇ ಕೂತಳು. ಅಮೋಗಸಿದ್ಧ ಹಿಂದೆ, ಬಾಗಿಲಿಗೆ ಒರಗಿ ನಿಂತ.

ಕಮಿಟಿಯ ಸಾಹೇಬರು ಗೋಪಿಕಾಬಾಯಿ ಕೊಟ್ಟಿದ್ದ ಅಚ್ಚಾದ ಪುಟಗಳನ್ನು ತಿರುವಿ ಮರಾಠಿಯಲ್ಲಿ ಓದಿ ಹೇಳಿದರು. ಪಟ್ಟಿ ಬಂದಾಗ ಅವರು "ಬೀರವ್ವ, ನೂರಾ ನಲವತ್ತೆರಡು" ಎಂದು ಓದಿದರು. ತನ್ನನ್ನು ಕರೆದರೆಂದು ಬೀರವ್ವ ಎದ್ದು ನಿಂತು ಕೈ ಮುಗಿದಳು. ಕಾರಕೂನ ಕೂರುವಂತೆ ಸನ್ನೆ ಮಾಡಿದ. ಅವಳು ಮತ್ತೆ ಕೂತಳು. ಪಕ್ಕದವಳ ಕಡೆ ತಿರುಗಿ ಸ್ವಲ್ಪ ನಕ್ಕಳು. ಆಮೇಲೆ ಸಾಹೇಬರು ಇಳಿಗೆರೆಯ ಚಿತ್ರವನ್ನು ಎತ್ತಿ ಎಲ್ಲರಿಗೂ ತೋರಿಸಿದರು.

ಗೋಪಿಕಾಬಾಯಿ ಎದ್ದು ನಿಂತರು. ಅವರ ಕೈಯಲ್ಲಿ ಹನ್ನೊಂದು ಹಾಳೆಗಳಿದ್ದವು, ಕೈಯಲ್ಲಿ ಬರೆದವು. ನೆನಪಿನಿಂದ ಬರೆದಿದ್ದರು. ಎರಡೂವರೆ ತಿಂಗಳ ಮಾತನ್ನು ಅವರು ಹೇಳುತ್ತಿದ್ದಂತೆ ಸಾಹೇಬರು ತಡೆದರು.

"ಇದರ ಅಂಕಿ ಎಲ್ಲಿವೆ?"

"ನೋಟಬುಕ್ಕಿನಲ್ಲಿವೆ. ನನಗೆ ಆರು ತಿಂಗಳು ಕೊಡಿ."

"ವರದಿಯ ಜೊತೆ ಇದು ಯಾಕೆ ಇಲ್ಲ?"

ಅಮೋಗಸಿದ್ಧ ಬಾಗಿಲನ್ನು ಬಿಟ್ಟು ನೆಟ್ಟಗೆ ನಿಂತ. ಗೋಪಿಕಾಬಾಯಿ ಹಿಂದಕ್ಕೆ ತಿರುಗಿ ನೋಡಲಿಲ್ಲ.

"ಯಂತ್ರ ಕೆಟ್ಟಿತು," ಎಂದರು.

ಕೈಬರಹದ್ದು ಬಾಯಿಯವರ ಅಭಿಪ್ರಾಯ, ಅಚ್ಚಾದದ್ದು ಅಳತೆ, ಕಮಿಟಿ ಅಳತೆಯನ್ನು ಹಿಡಿದು ನಡೆಯಬೇಕಾಗುತ್ತದೆ ಎಂದು ಸಾಹೇಬರು ಸಭ್ಯವಾಗಿಯೇ ಹೇಳಿದರು. ತಾನು ಜಗ್ಗಿದೆ ಎಂದು ಹೇಳಲು ಅಮೋಗಸಿದ್ಧನಿಗೆ ಆಗ ಎಷ್ಟು ಹೊತ್ತು ಸಿಕ್ಕಿತ್ತೆಂದರೆ, ಕಾರಕೂನ ಶಾಯಿ ಪೆನ್ನನ್ನು ಬಿಚ್ಚಿ, ಜಾಡಿಸಿ, ಮತ್ತೆ ಮುಚ್ಚುವಷ್ಟು ಹೊತ್ತು. ಅವನು ಹೇಳಲಿಲ್ಲ.

ಮುಂಗಾರು ಮುಗಿಯುವ ಹೊತ್ತಿಗೆ ಮಾಳದ ಸುತ್ತ ಆಳು ಮುಳುಗುವಷ್ಟು ಆಳದ ಕಂದಕ ತೋಡಿ ಮುಳ್ಳುತಂತಿ ಬಿಗಿದರು. ಹಣಮಂತಪ್ಪ ಅರವತ್ತು ಕುರಿ ಇಟ್ಟುಕೊಂಡು ಉಳಿದವನ್ನು ಸಂತೆಗೆ ಹೊಡೆದ. ಆ ಅರವತ್ತನ್ನು ಕಟ್ಟಿಕೊಂಡು ಗಡಿಯಾಚೆಯ ಇಂಡಿ ತಾಲೂಕಿನ ಕಡೆ ಹೋದವನು ವರ್ಷಕ್ಕೆರಡು ಸಲ ಊರಿಗೆ ಬರುತ್ತಿದ್ದ. ಬೀರವ್ವ ಹಟ್ಟಿ ಬಿಟ್ಟು ವಳಸಂಗದ ಮನೆಯಲ್ಲಿ ಕೂತಳು. ಅವಳ ಕೈಗೆ ಕೆಲಸವಿರಲಿಲ್ಲ, ಬಾಯಿಗಿತ್ತು. "ರೊಟ್ಟಿ ಉಂಡು ಎಣಿಸಿಕೊಂಡು ಹೋದ್ಲು," ಎಂದು ನೀರು ತರಲು ಬಂದವರಿಗೆ, ಬೀಸಲು ಬಂದವರಿಗೆ ಹೇಳಿದಳು. "ನಾನ ಎಣಿಸಿ ಕೊಟ್ನೆವ್ವ. ನನ್ನ ಬಾಯಿಲೇ." ಉಳಿದ ಕುರಿಗಾರರ ಮನೆಗಳಲ್ಲಿ ಅವಳನ್ನೂ ಬೈಯುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು.

ದಸರೆಯ ರಜೆಯಲ್ಲಿ ಅಮೋಗಸಿದ್ಧ ಲ್ಯಾಪ್‌ಟಾಪನ್ನು ಅದೇ ಸೀರೆಯಲ್ಲಿ ಸುತ್ತಿಕೊಂಡು ಅಕ್ಕಲಕೋಟೆಗೆ ಹೋದ. ಗೋಪಿಕಾಬಾಯಿ ಒಳಗೆ ಕರೆದು ಚಹಾ ಕೊಟ್ಟರು. ಯಂತ್ರವನ್ನು ಬಿಚ್ಚಿ ಕೂಡ ನೋಡಲಿಲ್ಲ.

"ನೀವು ಆ ಪುಟ ಕೊಡದ ಇದ್ದಿದ್ರ?" ಎಂದು ಅವನು ಕೇಳಿದ. ಆ ಪ್ರಶ್ನೆಯನ್ನು ಐದು ತಿಂಗಳು ಇಟ್ಟುಕೊಂಡಿದ್ದ.

"ನಾನೂ ಅದನ್ನೇ ಕೇಳಿಕೋತೀನಿ," ಎಂದರು ಅವರು. "ಕೊಡದ ಇದ್ದಿದ್ರ ಅವರು ಮನಸ್ಸಿಗೆ ಬಂದದ್ದು ಬರೀತಿದ್ರು ಅನಿಸ್ತು. ಅರ್ಧ ಖರೇ ಕೊಟ್ರ ಏನಾಗ್ತದ ಅಂತ ಆಗ ನನಗ ತಿಳಿಲಿಲ್ಲ."

"ನನ್ನದು ತಪ್ಪಾತ್ರಿ."

"ಹೂಂ, ಆತು." ಅವರು ಅದನ್ನು ಮೆತ್ತಗೆ ಮಾಡಲಿಲ್ಲ. "ನಾ ಕ್ಷಮಾ ಮಾಡ್ದೆ ಅಂದ್ರ ನಿಮಗ ಹಗುರ ಆಗ್ತದ, ನನಗೇನಾಗ್ತದ? ನಿಮ್ಮವ್ವಗ ಹೇಳ್ರಿ. ನಾ ಆಕಿ ಮುಂದ ಹೋಗಿ ಕೂಡಬೇಕಾಗೇದ. ನೀವು ಹೇಳದ ಹೊರತು ನನಗ ಆ ಬಾಗಿಲ ತುಳಿಯೂದು ಆಗಂಗಿಲ್ಲ. ನಾನೇ ಹೇಳಿದ್ರ ಮಗನ ಮ್ಯಾಲ ಹಾಕಿದ್ಲು ಅಂತಾಳ."

"ಹೇಳತೀನ್ರಿ," ಎಂದ.

ಅವನು ಅಂದು ಹೇಳಲಿಲ್ಲ. ದೀಪಾವಳಿಗೆ ಅಣ್ಣ ಬಂದಿದ್ದ, ಆಗ ಬೇಡವೆನಿಸಿತು. ಸಂಕ್ರಾಂತಿಗೆ ಅವ್ವನಿಗೆ ಜ್ವರ. ಯುಗಾದಿ ದಾಟಿ ಮತ್ತೆ ಮೇ ತಿಂಗಳು ಬಂತು. ಒಂದು ಮುಂಜಾನೆ ಬೀರವ್ವ ಬಾಗಿಲಲ್ಲಿ ಕೂತು ಅದೇ ಮಾತನ್ನು ಯಾರಿಗೋ ಹೇಳುತ್ತಿದ್ದಳು. ಕೇಳುತ್ತಿದ್ದವಳು ಎದ್ದು ಹೋಗುವಾಗ, "ಅಂಥಾಕಿ ಕೈ ಹುಳಾ ಬಿದ್ದು ಹೋಗಲಿ," ಎಂದಳು. ಅಮೋಗಸಿದ್ಧ ಬಸ್ಸಿಗೆ ಹೊರಟವನು ಚೀಲ ಕೆಳಗಿಟ್ಟು ಅವ್ವನ ಮುಂದೆ ಕೂತ.

"ಅವ್ವ, ಬಾಯಾರದು ಏನೂ ತಪ್ಪಿಲ್ಲ. ನಮ್ಮ ಪರವಾಗಿನೂ ಬರದಿದ್ರು. ಅದು ಹೊರಗ ಬರೂದ್ರಾಗ ನಾ ಸಿಟ್ಟಿಗೆದ್ದು ವಾಯರ ಕಿತ್ತೆ. ಯಂತ್ರ ಸುಟ್ಟಿತು. ನನ್ನಿಂದ ಆತು ಎಲ್ಲಾ."

ಬೀರವ್ವ ಅವನ ಮುಖವನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟು ಬರುತ್ತದೆಂದು ಅವನು ಕಾದ. ಬಂದದ್ದು ಕರುಣೆ.

"ಯಾವಾಗ ಸಿಕ್ಕಿದ್ಲು ನಿನಗ ಆಕಿ?"

"ದಸರಾಕ್ಕ ಹೋಗಿದ್ದೆ. ಆದ್ರ ಅದಲ್ಲ..."

"ಏನು ತಿನ್ನಾಕ ಕೊಟ್ಲು?"

"ಅವ್ವ, ನನ್ನ ಕೈಲೇ ಕಿತ್ತೀನಿ. ಬೀರಪ್ಪನ ಆಣಿ."

"ದೇವರನ್ನ ಇದರಾಗ ತರಬ್ಯಾಡ." ಅವಳು ಅವನ ಕೈ ಹಿಡಿದು ಕಿರುಬೆರಳ ತುದಿಯನ್ನು ಸವರಿದಳು. "ನೀ ಸಣ್ಣಾಂವ ಇದ್ದಾಗಿಂದ ಮುರದದ್ದನ್ನ ಜೋಡಸಾಂವ. ಒಂದು ಗಡಿಗಿ ಸುದ್ದಾ ಒಡದಿಲ್ಲ. ನನಗ ಗೊತ್ತಿಲ್ಲೇನು? ಕಲತಾಕಿ ಆಕಿ. ತನ್ನ ಪಾಪ ನಿನ್ನ ಬಾಯಾಗ ಇಟ್ಟು ಕಳಿಸ್ಯಾಳ. ನೀ ಮೆತ್ತಗಿನಾಂವ, ಹೊತ್ತುಕೊಂಡು ಬಂದೀದಿ."

ಅವನು ಮತ್ತೆ ಮೊದಲಿನಿಂದ ಹೇಳಿದ. ಬೆಸುಗೆ, ಎಳೆಗಳು, ಕಾಗದ, ಕಿಡಿ, ಎಲ್ಲ ಹೇಳಿದ. ಅವಳು ನಡುವೆ ತಡೆಯದೆ ಕೇಳಿದಳು. ಕೇಳಿ ಮುಗಿದ ಮೇಲೆ, "ಆತು ಏಳು, ಬಸ್ಸು ಬರೂ ಹೊತ್ತಾತು," ಎಂದಳು.

ಆ ವಾರವೇ ಊರಲ್ಲಿ ಹೊಸ ಮಾತು ಹುಟ್ಟಿತು. ಬಾಯಾರು ಬೀರವ್ವನ ಮಗನನ್ನೂ ಒಳಗೆ ಹಾಕಿಕೊಂಡಿದ್ದಾರೆ, ತಪ್ಪು ತನ್ನದೇ ಎಂದು ಅವನ ಬಾಯಿಂದಲೇ ಹೇಳಿಸಿದ್ದಾರೆ ಎಂದು. ಇಂಡಿಯ ಕಡೆಯಿಂದ ಬಂದ ಹಣಮಂತಪ್ಪನಿಗೆ ಆ ಸುದ್ದಿ ಬಸ್ ನಿಲ್ದಾಣದಲ್ಲೇ ಸಿಕ್ಕಿತು. ಅವನು ಮನೆಗೆ ಬಂದು ತಮ್ಮನ ಜೊತೆ ಮಾತಾಡಲಿಲ್ಲ, ಬೈಯಲೂ ಇಲ್ಲ. ಅವ್ವನ ಕೈಯಲ್ಲಿ ಒಂದು ಹೊಸ ಕಂಬಳಿ ಕೊಟ್ಟು, ಉಂಡು, ಎರಡನೆಯ ದಿನ ಕುರಿಯ ಕಡೆ ಹೋದ.

ಗೋಪಿಕಾಬಾಯಿಗೆ ಹೇಳಿ ಕಳಿಸಲು ಅಮೋಗಸಿದ್ಧನ ಬಳಿ ಏನೂ ಇರಲಿಲ್ಲ. ಹೇಳಿದೆ ಎಂದರೆ ಅವರು ಬರುತ್ತಾರೆ. ಬಂದರೆ ಅವ್ವ ಬಾಗಿಲಲ್ಲಿ ಏನು ಅನ್ನುತ್ತಾಳೆಂದು ಅವನಿಗೆ ಗೊತ್ತಿತ್ತು. ಹೇಳಲಿಲ್ಲ ಎಂದರೆ ಅದೂ ಸುಳ್ಳು. ಜೂನಿನ ಒಂದು ಸಂಜೆ ಸೊಲ್ಲಾಪುರದ ನಿಲ್ದಾಣದಲ್ಲಿ ಅಕ್ಕಲಕೋಟೆಯ ಬಸ್ಸಿನ ಕಿಟಕಿಯ ಪಕ್ಕದಲ್ಲಿ ಅವರು ಕೂತಿದ್ದು ಕಂಡಿತು. ಅವನು ಊರಿಗೆ ಹೋಗಬೇಕಾದದ್ದೂ ಅದೇ ಬಸ್ಸು. ಅವರು ಅವನನ್ನು ನೋಡಿದರು. ಹುಬ್ಬು ಸ್ವಲ್ಪ ಮೇಲೆತ್ತಿದರು, ಹೇಳಿದಿರಾ ಎಂದು ಕೇಳುವ ಹಾಗೆ.

ಅಮೋಗಸಿದ್ಧ ಹೌದು ಎಂದು ತಲೆಯಾಡಿಸಿದ. ಆಮೇಲೆ ಇಲ್ಲ ಎಂಬಂತೆ ಆಡಿಸಿದ. ಅವರಿಗೆ ಏನು ತಿಳಿಯಿತೋ, ಮುಖ ತಿರುಗಿಸಿ ಮುಂದೆ ನೋಡುತ್ತ ಕೂತರು. ಕಂಡಕ್ಟರು ಗಂಟೆ ಹೊಡೆದ. ಅವನು ಹತ್ತಲಿಲ್ಲ. ಮುಂದಿನ ಬಸ್ಸಿಗೆ ಒಂದು ತಾಸು ಇತ್ತು.